ಕರೆದವರ ಮಾತಿಗೆ

ತೀರಿಕೊಂಡ ಕವಿಗಳನ್ನು ಕರೆಸುವುದು ಒಬ್ಬರ ಕೈಯಲ್ಲಾಗುವ ಕೆಲಸವಲ್ಲವೆಂದು ಐದು ದೇಶಗಳ ಸಾಹಿತ್ಯೋತ್ಸವದವರು ಕೂಡಿಯೇ ಕರೆಸುತ್ತಿದ್ದರು. ಈ ಸಲ ಪೋರ್ಚುಗೀಸ್ ಕವಯಿತ್ರಿ ಇನೆಸ್ ಲಿಸ್ಬನ್ನಿನಲ್ಲಿ ಕವಿತೆ ಓದಿ ಧಾರವಾಡಕ್ಕೆ ಬಂದಿದ್ದಳು. ಇಲ್ಲಿಂದ ಮುಂದೆ ಕೊಲಂಬೊ.

ಲಿಸ್ಬನ್ನಿನ ಸಂಚಾಲಕಿ ತೆರೆಜಾ ಧಾರವಾಡದ ಸಂಚಾಲಕಿ ಇಂದುಮತಿ ಹಂಚಿನಮನಿಗೆ ಫೋನಿನಲ್ಲಿ ಒಂದೇ ಮಾತು ಹೇಳಿದ್ದಳು: "ಆಕೆ ಎಲ್ಲಿಗೆ ಕರೆದರೂ ಒಪ್ಪಿಕೊಳ್ಳಬೇಡ."

ಗೋಷ್ಠಿ ಚೆನ್ನಾಗಿಯೇ ಆಯಿತು. ತೀರಿಕೊಂಡವರಿಗೆ ಯಾವ ಭಾಷೆಯೂ ತೊಡಕಲ್ಲ. ಇಂದುಮತಿ ಅತಿಥಿಗೆ ಶಾಲು ಹೊದಿಸಿ, ತಣ್ಣನೆಯ ಕೈಗೆ ಪೇಢೆಯ ಡಬ್ಬಿ ಕೊಟ್ಟು, ಉತ್ಸವದ ಕಾರಿನತನಕ ಬಂದು ಹತ್ತಿಸಿದಳು.

"ಭಾಳ ಛಲೋ ನೋಡಿಕೊಂಡ್ರಿ, ಅಕ್ಕಾರ," ಎಂದಳು ಇನೆಸ್. "ನೀವೂ ಒಮ್ಮೆ ನಮ್ಮ ಕಡೆ ಬರಬೇಕ್ರಿ."

ಮನೆಗೆ ಕರೆದವರಿಗೆ ಇಂದುಮತಿ ಒಲ್ಲೆನೆಂದವಳೇ ಅಲ್ಲ. ತೆರೆಜಾ ಹೇಳಿದ್ದು ನೆನಪಾಗುವ ಮೊದಲೇ ಬಾಯಿಂದ ಮಾತು ಬಂದುಹೋಯಿತು: "ಅಯ್ಯ, ನೀವು ಕರದ್ರ ಬಿಡ್ತೇನೇನ್ರಿ? ಖಂಡಿತ ಬರ್ತೇನಿ."

ಡ್ರೈವರ್ ಕಾರು ಚಾಲೂ ಮಾಡಲಿಲ್ಲ. ಇನೆಸ್ ಬಾಗಿಲನ್ನು ಹಾಕಿಕೊಳ್ಳಲಿಲ್ಲ. ಪೇಢೆಯ ಡಬ್ಬಿಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಸೀಟಿನಲ್ಲಿ ಒಂದಿಷ್ಟು ಆಚೆ ಸರಿದು ಕೂತಳು.