ಅಮ್ಮನ ಒಲೆ

"ಅಮ್ಮನ ಒಲೆ ಹತ್ಕೊಂಡಿದೆ," ಎಂದಿತು ರೇಡಿಯೊ.

ದೋಣಿಯನ್ನು ಊರಿನ ಕಡೆ ತಿರುಗಿಸುತ್ತಿದ್ದ ಒತೋನನ ಕೈ ಹಾಗೇ ನಿಂತಿತು. ಟ್ಯೂನಾ ಹಂಗಾಮು ಶುರುವಾಗಿ ಹತ್ತು ದಿನವಾದರೂ ಅವರೂರು ಸಾನ್ ಮತೇಯೊದ ಒಂದು ದೋಣಿಗೂ ಮೀನು ಸಿಕ್ಕಿರಲಿಲ್ಲ. "ಈ ವರ್ಷ ಮುಗೀತು ಬಿಡ್ರೋ" ಎಂದು ಬೆಳಗಿನಿಂದ ಎಲ್ಲರೂ ರೇಡಿಯೊದಲ್ಲಿ ಗೊಣಗುತ್ತಿದ್ದರು. ಈಗ ಮಾತಾಡಿದವನು ಅವನ ತಮ್ಮ ವಿದಾಲ್. ಅಪ್ಪನ ದೋಣಿ ಯಾರಿಗೆಂಬ ಜಗಳವಾದ ಮೇಲೆ ಮೂರು ವರ್ಷದಿಂದ ಅಣ್ಣನ ಜೊತೆ ಮಾತು ಬಿಟ್ಟವನು.

"ಯಾವ ಒಲೆಯೋ ಮಾರಾಯ, ಬಿಸಿಲಿಗೆ ತಲೆ ಕೆಡ್ತಾ?" ಎಂದು ಯಾರೋ ನಕ್ಕರು.

ಒತೋನ್ ನಗಲಿಲ್ಲ. ತೀರದಿಂದ ನಲವತ್ತು ಮೈಲಿಯಾಚೆ, ಮೀನಿನ ಹಿಂಡು ಮೇಲೆದ್ದರೆ ನೀರು ಕೊತಕೊತ ಕುದಿಯುವ ಜಾಗಕ್ಕೆ ಅಪ್ಪ ಇಟ್ಟಿದ್ದ ಹೆಸರದು. ಅಮ್ಮ ಬಾಳೆಕಾಯಿ ಸುಡುತ್ತಿದ್ದ ಮಣ್ಣಿನ ಒಲೆಯ ಮುಂದೆ ಅಪ್ಪ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು, "ಈ ಗುಟ್ಟು ನಿಮ್ಮಿಬ್ಬರಲ್ಲೇ ಇರ್ಲಿ" ಎಂದಿದ್ದ. ಆ ಹೊಗೆಯ ಘಾಟು, ತೂಕಡಿಸುತ್ತ ತನ್ನ ಭುಜಕ್ಕೊರಗಿದ ತಮ್ಮನ ತಲೆಯ ಭಾರ, ಎಲ್ಲವೂ ಅವನಿಗೆ ನೆನಪಾಯಿತು.

ಅವನು ರೇಡಿಯೊ ಎತ್ತಿಕೊಂಡ.

"ಬರ್ತಿದೀನಿ ಕಣೋ," ಎಂದ. "ನನಗೂ ಸ್ವಲ್ಪ ಉಳಿಸು."