ಮೂರು ಕಿಲೋ ಸಾಬೂನು

ಚೂರು ತುಂಬಿದ ಚೀಲವನ್ನು ತೂಗಿದಾಗ ಮುಳ್ಳು ಎರಡು ಕಿಲೋದಲ್ಲೇ ನಿಂತಿತು. ಸಾಬೂನು ಕತ್ತರಿಸುವವಳ ಉಸಿರೂ ಅದರ ಜೊತೆ ನಿಂತಿತು. ನೂರು ಕಿಲೋ ಕತ್ತರಿಸಿದರೆ ಐದು ಕಿಲೋ ಚೂರಾಗುವುದು ಆ ಕಾರ್ಖಾನೆಯ ವಾಡಿಕೆ. ಅದನ್ನು ಸಾಮಾನ್ಯ ನಷ್ಟವೆಂದು ಮೊದಲೇ ಹಿಡಿದು, ಚೂರು ಮಾರಿದ ಹಣವನ್ನು ತಯಾರಿಕೆಯ ಖರ್ಚಿನಿಂದ ಕಳೆಯುತ್ತಿದ್ದರು. ಇಂದು ಅವಳು ಹಟ ಹಿಡಿದು, ಚಾಕು ಬದಿಗಿಟ್ಟು ಅದೇ ನೂರು ಕಿಲೋವನ್ನು ತೆಳು ತಂತಿಯಲ್ಲಿ ಕತ್ತರಿಸಿದ್ದಳು. ಚೂರು ಹೆಚ್ಚಾದರೆ ತಂತಿ ಕಸದ ಬುಟ್ಟಿಗೆ ಎಂದು ಮಾಲೀಕರು ಎಚ್ಚರಿಸಿದ್ದರು.

ಲೆಕ್ಕ ಬರೆಯುವವನು ಅವಳ ಗಂಡನೇ. ನಂಬಿಕೆ ಬಾರದೆ ಇನ್ನೊಮ್ಮೆ ತೂಗಿದ. ಮುಳ್ಳು ಮತ್ತೆ ಅಲ್ಲಿಗೇ ಬಂತು.

"ಏನ್ರೀ ಹಂಗೆ ನೋಡ್ತೀರಾ? ಹೆಂಡ್ತಿ ಕದ್ದಳು ಅಂತಾನಾ?"

"ಅಲ್ಲ ಕಣೇ! ಚೂರು ಮಾರಿ ಬರೋ ದುಡ್ಡು ಸ್ವಲ್ಪ ಕಮ್ಮಿ ಆಗುತ್ತೆ, ಆಗ್ಲಿ. ಮೂರು ಕಿಲೋ ಒಳ್ಳೇ ಸಾಬೂನೇ ಜಾಸ್ತಿ ಸಿಕ್ತಲ್ಲ! ಚೂರಿನ ಬೆಲೆ ಎಲ್ಲಿ, ಸಾಬೂನಿನ ಬೆಲೆ ಎಲ್ಲಿ! ವಾಡಿಕೆ ಮೀರಿ ಉಳಿದಿದ್ದು, ಇದನ್ನ ಅಸಹಜ ಲಾಭ ಅಂತಾನೇ ಬರೀಬೇಕು." ಖುಷಿಗೆ ಅವನ ದನಿ ಏರಿಹೋಗಿತ್ತು.

ಸುತ್ತ ನೆರೆದಿದ್ದ ಹೆಂಗಸರು ಹೋ ಎಂದು ಚಪ್ಪಾಳೆ ತಟ್ಟಿದರು. ಅವಳು ಮುಂಗೈಯಿಂದ ಹಣೆಯ ಬೆವರು ಒರೆಸಿಕೊಂಡು, ತಂತಿಯನ್ನು ಬಿಗಿ ಮಾಡುತ್ತಾ ನಕ್ಕಳು.

"ಬರ್ಕೊಳ್ಳಿ, ಬರ್ಕೊಳ್ಳಿ. ನಿಮ್ಮ ಲೆಕ್ಕಕ್ಕೆ ಇದು ಅಸಹಜ. ನಮ್ಮ ಕೈಗೆ ಇನ್ಮೇಲೆ ಇದೇ ಸಹಜ ಕಣ್ರೀ!"