ಗ್ರೈಂಡರ್ ಸ್ವಿಚ್ಚು

ಉದ್ದಿನಬೇಳೆ ಇನ್ನೂ ಅರ್ಧವಷ್ಟೇ ನುಣ್ಣಗಾಗಿತ್ತು. ಸರೋಜಮ್ಮ ಗ್ರೈಂಡರ್ ನಿಲ್ಲಿಸಿ, ಅಂಚಿಗೆ ಅಂಟಿದ್ದ ಹಿಟ್ಟನ್ನು ಬೆರಳಿನಿಂದ ಬಳಿದು ಕಲ್ಲಿನಡಿಗೆ ತಳ್ಳಿದಳು. ಒಂದಿಷ್ಟು ನೀರು ಚಿಮುಕಿಸಿದಳು. ಆಮೇಲೆ ಕೈ ಒರೆಸಿಕೊಳ್ಳದೆ, ನಡುಮನೆಯ ಕಡೆ ಕಿವಿಯಿಟ್ಟು ನಿಂತಳು. "ಸಿ.ಡಿ. ಅರವತ್ತು ಪರ್ಸೆಂಟ್ ದಾಟ್ತು ಕಣಮ್ಮ" ಎಂದು ಗಂಡ ಮಲ್ಲೇಶ ಕಂಪ್ಯೂಟರ್ ಮುಂದೆ ಕೂತು ತನ್ನ ತಂಗಿ ಲೋಹಿತಾಗೆ ಹೇಳುವುದು ಕೇಳಿಸಿತು. ಸರೋಜಮ್ಮ ಸ್ವಿಚ್ ಒತ್ತಿದಳು. ನಡುಮನೆಯ ಫ್ಯಾನು ಒಂದು ಗಳಿಗೆ ಸೋತು ನಿಧಾನವಾಯಿತು. "ಥೂ, ಇದೂ ಹೋಯ್ತು" ಎಂದ ಮಲ್ಲೇಶ.

ಮೊದಲನೇ ಸಿ.ಡಿ. ಕೆಟ್ಟಾಗ ಅವಳಿಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ. ಗ್ರೈಂಡರಿಗೂ ಕಂಪ್ಯೂಟರಿಗೂ ಒಂದೇ ಲೈನು, ಗ್ರೈಂಡರ್ ಹಚ್ಚಿದೊಡನೆ ಕರೆಂಟು ತಗ್ಗಿ ಬರೆಯುತ್ತಿದ್ದ ಸಿ.ಡಿ. ಕೆಡುತ್ತಿತ್ತು; ಯು.ಪಿ.ಎಸ್. ಬ್ಯಾಟರಿ ಸತ್ತು ವರ್ಷವಾಗಿತ್ತು. ಎರಡನೆಯದು ಕೆಟ್ಟಾಗ ಅನುಮಾನ ಬಂತು. ಆಮೇಲಿನವು ಅವಳು ಕಾದು ಕೆಡಿಸಿದವು.

ಲೋಹಿತಾ ಬೆಳಗಿನ ಬಸ್ಸಿಗೇ ಗೌಡಗೆರೆಯಿಂದ ಬಂದಿದ್ದಳು. ಸರ್ಕಾರಿ ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿಕೊಂಡಿದ್ದವಳನ್ನು ಇಲಾಖೆಯ ಸಾಹೇಬ ಕೆಲಸದಿಂದ ತೆಗೆದು, ವಾಪಸು ಬೇಕಾದರೆ ದುಡ್ಡು ತಾ ಎಂದು ಫೋನಿನಲ್ಲೇ ಕೇಳಿದ್ದ. ಮಾತೆಲ್ಲ ಅವಳ ಮೊಬೈಲಿನಲ್ಲಿ ರೆಕಾರ್ಡಾಗಿತ್ತು. ಬರೆದು ತಿಂಗಳುಗಟ್ಟಲೆ ಅಳುಕಿ ಇಟ್ಟುಕೊಂಡಿದ್ದ ದೂರನ್ನು ಕಡೆಗೆ ಕಳಿಸಿದರೆ, ಮಾತನ್ನು ಸಿ.ಡಿ.ಯಲ್ಲಿ ಹಾಕಿ ಈ ವಾರದೊಳಗೆ ಕಳಿಸಿ, ಇಲ್ಲದಿದ್ದರೆ ದೂರು ಮುಚ್ಚುತ್ತೇವೆ ಎಂದು ಲಂಚದ ದೂರು ನೋಡುವ ಬೆಂಗಳೂರಿನ ಕಚೇರಿಯಿಂದ ಉತ್ತರ ಬಂದಿತ್ತು. ಅಂಗಡಿಯಲ್ಲಿ ಮಾಡಿಸಿದರೆ ಊರೆಲ್ಲ ಕೇಳಿಸಿಕೊಳ್ಳುತ್ತದೆಂದು ಅಣ್ಣನ ಮನೆಗೆ ಬಂದಿದ್ದಳು. ಆದರೆ ಅಣ್ಣ ಗುಮಾಸ್ತನಾಗಿರುವುದೂ ಅದೇ ಸಾಹೇಬನ ಕೈಕೆಳಗೆ. ಸಾಹೇಬನಿಗೆ ಒಂದೇ ಒಂದು ಸಲ ಎದುರು ಮಾತಾಡಿದ ಅದೇ ಕಚೇರಿಯ ಭೀಮರಾಜು ಸಸ್ಪೆಂಡಾಗಿ, ಅವನ ಹೆಂಡತಿ ಈಗ ಕಂಡವರ ಮನೆಗೆ ರೊಟ್ಟಿ ತಟ್ಟಿಕೊಡುತ್ತಿದ್ದಾಳೆ. ಸರೋಜಮ್ಮನ ಕಣ್ಣ ಮುಂದೆ ಬೆಳಗಿನಿಂದ ಇದ್ದದ್ದು ಆ ಹೆಂಗಸಿನ ಸುಟ್ಟ ಬೆರಳುಗಳೇ.

ಮಲ್ಲೇಶ ಸುಮ್ಮನೆ ಕೂತಿರಲಿಲ್ಲ. ಸಿ.ಡಿ. ಬರೆಯುವ ಸ್ಪೀಡು ತಗ್ಗಿಸಿದ, ಡ್ರೈವಿನ ಬಾಯಿಗೆ ಹತ್ತಿ ಹಾಕಿ ಧೂಳು ತೆಗೆದ, ವೈರು ಬಿಚ್ಚಿ ಮತ್ತೆ ಸಿಕ್ಕಿಸಿದ, ಕಂಪ್ಯೂಟರ್ ಆರಿಸಿ ಹಚ್ಚಿದ. ಈಗ ತಲೆ ಎತ್ತಿ, ಮತ್ತೆ ಜೋರಾಗಿ ತಿರುಗುತ್ತಿದ್ದ ಫ್ಯಾನನ್ನೇ ನೋಡುತ್ತ ಕುಳಿತ. ಎದ್ದು ಅಡುಗೆಮನೆ ಬಾಗಿಲಿಗೆ ಬಂದ. ಗ್ರೈಂಡರ್ ನೋಡಿದ. ಹೆಂಡತಿಯ ಕೈ ನೋಡಿದ. ಬೈಗುಳ ಬರಲಿ ಎಂದು ಸರೋಜಮ್ಮ ತಲೆ ತಗ್ಗಿಸಿ ನಿಂತಳು.

"ಇನ್ನೊಂದೇ ಸಿ.ಡಿ. ಐತೆ ಕಣೆ" ಎಂದಷ್ಟೇ ಹೇಳಿ ಅವನು ಹಿಂದಿರುಗಿದ.

ಲೋಹಿತಾಗೆ ಅಷ್ಟರಲ್ಲಿ ತಾಳ್ಮೆ ಕೆಟ್ಟಿತ್ತು. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿಯಿತ್ತು.

"ಅಣ್ಣ, ಕೆಲಸ ಹೋಯ್ತದೆ ಅಂತ ಭಯ ಇದ್ರೆ ಬಾಯ್ಬುಟ್ಟು ಹೇಳ್ಬುಡು. ತಪ್ಪು ಸಿ.ಡಿ. ಮ್ಯಾಲೆ ಯಾಕೆ ಹಾಕ್ತೀಯ? ನಾಲ್ಕು ಸಿ.ಡಿ.ನೂ ಮಕ್ಕಳಾಟದ ಸಾಮಾನು ಕೆಡಿಸ್ದಂಗೆ ಕೆಡಿಸಿ ನನ್ನ ಬಸ್ಸು ಹತ್ತಿಸಾನ ಅಂತ ನೋಡ್ತಿದ್ದೀಯ. ನೀನು ಹಿಂಗಾಯ್ತೀಯ ಅಂತ ನಾನು ಅಂದ್ಕೊಂಡಿರಲಿಲ್ಲ."

ಸರೋಜಮ್ಮನ ಗುಟ್ಟು ಬಯಲಾಗಲು ಅವನ ಒಂದು ಮಾತು ಸಾಕಿತ್ತು, ಅವನು ಅಡುಗೆಮನೆ ಕಡೆ ಒಂದು ಬೆರಳು ತೋರಿಸಿದ್ದರೂ ಸಾಕಿತ್ತು. ಮಲ್ಲೇಶ ಕೊನೆಯ ಸಿ.ಡಿ.ಯನ್ನು ಅಂಗಿಯ ತುದಿಗೆ ಒರೆಸಿ ಒಳಗಿಟ್ಟು, "ಆಯ್ತು ಬುಡಮ್ಮ, ತಪ್ಪು ನಂದೇ ಅಂತ ಇಟ್ಕೊ. ಇದೊಂದು ನೋಡಾನ" ಎಂದ.

ಸರೋಜಮ್ಮ ಗ್ರೈಂಡರಿನ ಪ್ಲಗ್ಗು ಕಿತ್ತಳು. ಹಾಗೇ ಹೋಗಿ ಫ್ರಿಜ್ಜಿನದನ್ನೂ ಕಿತ್ತಳು. ಮನೆ ಒಮ್ಮೆಲೇ ಎಷ್ಟು ನಿಶ್ಶಬ್ದವಾಯಿತೆಂದರೆ ಒಳಗೆ ಸಿ.ಡಿ. ಸುತ್ತುವ ಸದ್ದು ಅಡುಗೆಮನೆಗೂ ಕೇಳಿತು. ಅರವತ್ತು ಎಂದ ಮಲ್ಲೇಶ. ಎಷ್ಟೋ ಹೊತ್ತಾದ ಮೇಲೆ ಎಪ್ಪತ್ತು ಎಂದ. ಆಮೇಲೆ ಅವನು ಎಣಿಸುವುದನ್ನೇ ಬಿಟ್ಟ. ಮೂವರಲ್ಲಿ ಯಾರೂ ಕದಲಲಿಲ್ಲ. ಕಡೆಗೆ ಡ್ರೈವು ತಾನಾಗಿ ಬಾಯಿ ತೆರೆಯಿತು. ಮತ್ತೆ ಒಳಗೆ ತಳ್ಳಿ ಹಾಕಿ ನೋಡಿದರೆ ಸಾಹೇಬನ ದನಿ, ಎಲೆಯಡಿಕೆ ಕೇಳಿದಷ್ಟು ಮೆತ್ತಗೆ: "ಕೆಲಸ ಬೇಕು ಅಂದ್ರೆ ನೀವೂ ಸ್ವಲ್ಪ ನೋಡ್ಕೋಬೇಕಲ್ವೇನಮ್ಮ."

ಲೋಹಿತಾ ದೂರಿನ ಪ್ರತಿಯನ್ನೂ ಸಿ.ಡಿ.ಯನ್ನೂ ಕವರಿಗೆ ಹಾಕಿ ಅಂಟಿಸಿದಳು. ಪೋಸ್ಟಾಫೀಸು ಇರುವುದು ಸಾಹೇಬನ ಕಚೇರಿಯ ಎದುರಿಗೆ. ಅವನ ಡ್ರೈವರ್ ಸದಾ ಅಲ್ಲಿನ ಟೀ ಅಂಗಡಿಯಲ್ಲೇ ಇರುತ್ತಾನೆ, ಲೋಹಿತಾಳ ಗುರುತು ಅವನಿಗೆ ಚೆನ್ನಾಗಿದೆ. ಅಣ್ಣ ಕೈ ಚಾಚಿದ. ಅವಳು ಅವನನ್ನು ದಾಟಿ ಅಡುಗೆಮನೆಗೆ ಬಂದು ಕವರನ್ನು ಅತ್ತಿಗೆಯ ಕೈಯಲ್ಲಿಟ್ಟಳು.

"ನೀವೇ ಹಾಕ್ಬನ್ನಿ ಅತ್ಗೆ. ಈ ಮನೇಲಿ ನಾನು ನಂಬೋದು ಅಂದ್ರೆ ನಿಮ್ಮನ್ನ ಒಬ್ಬರನ್ನೇ."

ಮಲ್ಲೇಶ ಕೆಟ್ಟ ಸಿ.ಡಿ.ಗಳನ್ನು ಒಂದರ ಮೇಲೊಂದು ಜೋಡಿಸುತ್ತ ಕುಳಿತಿದ್ದ.

ಊರ ಹಿಂದಿನ ಬೆಟ್ಟದ ಬಂಡೆಯ ಕಾವು ಬೀದಿಗೆಲ್ಲ ಬಡಿಯುತ್ತಿತ್ತು. ದಾರಿಯಲ್ಲಿ ಚರಂಡಿ ಸಿಕ್ಕಿತು, ಕಸ ಸುಡುತ್ತಿದ್ದ ಗುಂಡಿ ಸಿಕ್ಕಿತು, ಎರಡು ಕಡೆಯೂ ಕವರು ಹಿಡಿದ ಸರೋಜಮ್ಮನ ಕಾಲು ನಿಧಾನವಾಯಿತು. ಟೀ ಅಂಗಡಿಯಲ್ಲಿದ್ದ ಡ್ರೈವರ್ "ಏನಕ್ಕ, ಪೋಸ್ಟಾಫೀಸಿಗಾ?" ಎಂದು ಕೇಳಿದ. ಹೂಂ ಎಂದು ಮೆಟ್ಟಿಲು ಹತ್ತಿದಳು. ಕಿಟಕಿಯೊಳಗೆ ಕವರು ನೀಡಿದಳು. ಒಳಗಿದ್ದ ಹುಡುಗಿ ಅದರ ತುದಿ ಹಿಡಿದು ಎಳೆದು, ಮತ್ತೊಮ್ಮೆ ಎಳೆದು, ನಕ್ಕುಬಿಟ್ಟಳು.

"ಬುಡಮ್ಮ. ನೀವು ಬುಟ್ರೆ ತಾನೆ ನಾನು ತೂಕ ಹಾಕೋದು."

ಸರೋಜಮ್ಮ ಬಿಟ್ಟಳು. ಕವರಿಗೆ ಮುದ್ರೆ ಬಿದ್ದು ಅದು ಚೀಲದೊಳಕ್ಕೆ ಜಾರಿತು. ಅವಳ ಬೆರಳುಗಳು ಮಾತ್ರ ಆ ಕಿಟಕಿಯಲ್ಲಿ, ಇನ್ನೂ ಏನನ್ನೋ ಹಿಡಿದಂತೆಯೇ ಇದ್ದವು.